ಬಾಡಿಗೆ ಕಾರಿನ ಕೀಲಿಯನ್ನು ಡಬ್ಬಿಗೆ ಹಾಕಿ ಬರಬೇಡಿ

ಹುಬ್ಬಳ್ಳಿ-ಧಾರವಾಡದಿಂದ ಯುರೋಪಿಗೆ ಹೋಗುವ ಕುಟುಂಬಗಳಲ್ಲಿ ಅನೇಕರು ಈಗ ಪ್ರವಾಸ ಕಂಪನಿಯ ಬಸ್ಸನ್ನು ನೆಚ್ಚಿಕೊಳ್ಳದೆ, ಅಲ್ಲಿಯೇ ಕಾರು ಬಾಡಿಗೆಗೆ ಪಡೆದು ತಾವೇ ಓಡಿಸಿಕೊಂಡು ತಿರುಗಾಡುತ್ತಾರೆ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ಅದು ನಿಜಕ್ಕೂ ಅನುಕೂಲ, ಮತ್ತು ನಾವು ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಕಾರು ಪಡೆದದ್ದೂ ಅದೇ ಕಾರಣಕ್ಕೆ. ಆದರೆ ಪ್ರವಾಸ ಮುಗಿಸಿ ಹುಬ್ಬಳ್ಳಿಯ ಮನೆಗೆ ಬಂದ ಮೇಲೆ, ಒಂದು ಮಾತೂ ಕೇಳದೆ, ಒಟಿಪಿಯೂ ಬಾರದೆ, ನನ್ನ ಕ್ರೆಡಿಟ್ ಕಾರ್ಡಿನಿಂದ 940 ಯುರೋ ಕಡಿತವಾಯಿತು. ಆ ಹಣದಲ್ಲಿ ಒಂದು ಭಾಗವನ್ನು ಮರಳಿ ಪಡೆಯಲು ನಾವು ಪಟ್ಟ ಪಾಡು ಬೇರೆಯವರಿಗೆ ಬರಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪರವಾನಗಿಯ ವಿಷಯದಲ್ಲಿ ನಮಗೆ ತೊಂದರೆಯಾಗಲಿಲ್ಲ. ಇಟಲಿಯಲ್ಲಿ ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಅದನ್ನು ನಿಮ್ಮ ಆರ್‌ಟಿಓ ಕಚೇರಿಯಿಂದಲೇ, ನಮೂನೆ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಿ ಪಡೆಯಬಹುದು. ಅದರ ಅವಧಿ ಒಂದು ವರ್ಷ. ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಮೊದಲೇ ಚಾಲೂ ಮಾಡಿಸಿಕೊಂಡಿರಬೇಕು, ಮತ್ತು ಆ ಕಾರ್ಡು ಗಾಡಿ ಓಡಿಸುವವರ ಹೆಸರಿನಲ್ಲೇ ಇರಬೇಕು; ಮಡದಿಯ ಕಾರ್ಡು ಅಥವಾ ಮಗನ ಕಾರ್ಡು ತೋರಿಸಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಇವಿಷ್ಟು ಸರಿಯಾಗಿದ್ದರೆ ಕಾರು ಸಿಗುತ್ತದೆ. ನಿಜವಾದ ತೊಂದರೆ ಇರುವುದು ವಿಮೆಯಲ್ಲಿ ಮತ್ತು ಕಾರನ್ನು ಹಿಂದಿರುಗಿಸುವ ಹೊತ್ತಿನಲ್ಲಿ.

ನಾವು ಹಲವು ಕಂಪನಿಗಳ ದರ ತೋರಿಸುವ ಒಂದು ಮಧ್ಯವರ್ತಿ ಜಾಲತಾಣದಲ್ಲಿ ಬುಕ್ ಮಾಡಿ, ಅಲ್ಲಿಯೇ 'ಪೂರ್ಣ ರಕ್ಷಣೆ' ಎಂಬ ಹೆಸರಿನ ವಿಮೆಗೂ ಹಣ ಕಟ್ಟಿದ್ದೆವು. ಆದರೆ ಬಾಡಿಗೆ ಕಂಪನಿಯ ಕೌಂಟರಿನಲ್ಲಿದ್ದ ವ್ಯಕ್ತಿ, ಆ ವಿಮೆ ತಮ್ಮಲ್ಲಿ ನಡೆಯುವುದಿಲ್ಲವೆಂದೂ, ತಮ್ಮದೇ ವಿಮೆಯನ್ನು ದಿನಕ್ಕೆ ಇಷ್ಟೆಂದು ಹೆಚ್ಚಿಗೆ ಕೊಟ್ಟು ಕೊಳ್ಳದಿದ್ದರೆ 1,500 ಯುರೋ ಠೇವಣಿಯನ್ನು ಕಾರ್ಡಿನಲ್ಲಿ ತಡೆಹಿಡಿಯುವುದಾಗಿಯೂ ಹೇಳಿದರು. ಇದರ ಒಳಗಿನ ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು. ಬಾಡಿಗೆಯ ದರದಲ್ಲಿ ಸೇರಿರುವ ಸಿಡಿಡಬ್ಲ್ಯು ಎಂಬ ರಕ್ಷಣೆ ಇಡೀ ಹಾನಿಯನ್ನು ಮನ್ನಾ ಮಾಡುವುದಿಲ್ಲ. ಹಾನಿಯಲ್ಲಿ ಒಂದು ಮಿತಿಯವರೆಗಿನ ಮೊತ್ತವನ್ನು ನಾವೇ ಭರಿಸಬೇಕು, ಅದಕ್ಕೆ ಎಕ್ಸೆಸ್ ಎನ್ನುತ್ತಾರೆ. ಟೈರು, ರಿಮ್ಮು, ಗಾಜು, ಮೇಲ್ಛಾವಣಿ ಮತ್ತು ಗಾಡಿಯ ತಳಭಾಗ ಬಹಳ ಕರಾರುಗಳಲ್ಲಿ ಆ ರಕ್ಷಣೆಯ ಹೊರಗೇ ಉಳಿಯುತ್ತವೆ. ಮಧ್ಯವರ್ತಿ ಮಾರುವ ವಿಮೆ ಬಾಡಿಗೆ ಕಂಪನಿಯನ್ನು ತಡೆಯುವುದಿಲ್ಲ. ಕಂಪನಿ ಮೊದಲು ನಮ್ಮ ಕಾರ್ಡಿನಿಂದ ಹಣ ತೆಗೆದುಕೊಳ್ಳುತ್ತದೆ, ಆಮೇಲೆ ನಾವು ಕಾಗದಪತ್ರಗಳನ್ನೆಲ್ಲ ಜೋಡಿಸಿ ವಿಮೆಯವರಿಂದ ಆ ಹಣವನ್ನು ಬೇಡಿ ಪಡೆಯಬೇಕು. 'ಪೂರ್ಣ' ಎಂಬ ಪದವನ್ನು ನಂಬಿ ಹೋದವರಿಗೆ ಈ ವ್ಯತ್ಯಾಸವನ್ನು ಬುಕ್ ಮಾಡುವಾಗ ಯಾರೂ ಬಿಡಿಸಿ ಹೇಳುವುದಿಲ್ಲ, ಮತ್ತು ಇದು ನನ್ನ ಮಟ್ಟಿಗೆ ಪ್ರಾಮಾಣಿಕ ವ್ಯಾಪಾರವಲ್ಲ.

ಕಾರು ನಮ್ಮ ಕೈಗೆ ಬಂದದ್ದು ರಾತ್ರಿ, ಮಂದ ಬೆಳಕಿನ ನೆಲಮಾಳಿಗೆಯಲ್ಲಿ. ಹಳೆಯ ಗೀರುಗಳೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿವೆ, ಚಿಂತೆ ಬೇಡ ಎಂದು ಅಲ್ಲಿಯ ಸಿಬ್ಬಂದಿ ಅವಸರಪಡಿಸಿದರು. ಆದರೂ ನನ್ನ ಮಡದಿ ಮೊಬೈಲಿನ ಟಾರ್ಚ್ ಹಾಕಿಕೊಂಡು ನಾಲ್ಕೂ ಚಕ್ರಗಳ ರಿಮ್ಮು, ಬಂಪರಿನ ಕೆಳ ಅಂಚು, ಮುಂದಿನ ಗಾಜು, ಕಿಲೋಮೀಟರ್ ಓಟ ಮತ್ತು ಇಂಧನದ ಮುಳ್ಳು ಎಲ್ಲವನ್ನೂ ನಂಬರ್ ಪ್ಲೇಟಿನಿಂದ ಆರಂಭಿಸಿ ಒಂದೇ ವಿಡಿಯೋದಲ್ಲಿ ಚಿತ್ರೀಕರಿಸಿದಳು. ಕರಾರಿನ ಜೊತೆಗಿದ್ದ ಕಾರಿನ ರೇಖಾಚಿತ್ರದಲ್ಲಿ ಎಡಗಡೆಯ ಹಿಂದಿನ ರಿಮ್ಮಿನ ಗೀರನ್ನು ಗುರುತಿಸಿರಲಿಲ್ಲ. ನಾವು ಒತ್ತಾಯಿಸಿದಾಗ ಅದನ್ನು ಪೆನ್ನಿನಿಂದ ಬರೆದುಕೊಟ್ಟರು. ಆ ಒಂದು ಪೆನ್ನಿನ ಗುರುತು ಮತ್ತು ಆ ವಿಡಿಯೋ ಮುಂದೆ ನಮ್ಮ ಕೈ ಹಿಡಿದವು.

ಹಿಂದಿರುಗಿಸುವ ದಿನ ನಮ್ಮ ವಿಮಾನ ಬೆಳಗಿನ ಜಾವಕ್ಕಿತ್ತು. ಕಚೇರಿ ಮುಚ್ಚಿತ್ತು, ಕಾರನ್ನು ನಿಗದಿತ ಜಾಗದಲ್ಲಿ ನಿಲ್ಲಿಸಿ ಕೀಲಿಯನ್ನು ಗೋಡೆಯ ಡಬ್ಬಿಗೆ ಹಾಕಬೇಕೆಂದು ಫಲಕವಿತ್ತು. ನಮ್ಮ ತಂದೆಯವರು, "ಯಾರರೆ ಬಂದು ನೋಡಿ ಸಹಿ ಹಾಕಿ ಕೊಡೋತನಾ ಕಾಯೂಣಪಾ" ಎಂದು ಹೇಳಿದರೂ, ವಿಮಾನದ ಹೊತ್ತಾದ್ದರಿಂದ ಕಾಯುವುದು ಸಾಧ್ಯವಿರಲಿಲ್ಲ. ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುವ ಮಾತು ಏನೆಂದರೆ, ಕಚೇರಿಯ ಸಮಯ ಮೀರಿ ಬಿಟ್ಟುಹೋದ ಕಾರಿಗೆ, ಸಿಬ್ಬಂದಿ ಬಂದು ಪರೀಕ್ಷಿಸುವವರೆಗೆ ಬಾಡಿಗೆದಾರರೇ ಹೊಣೆಗಾರರು. ಅಂದರೆ ನಾವು ವಿಮಾನದಲ್ಲಿ ಕುಳಿತಿರುವಾಗ ಬೇರೊಬ್ಬರು ಆ ಕಾರಿಗೆ ತಾಗಿಸಿ ಹೋದರೂ ಬಿಲ್ಲು ನಮ್ಮ ಹೆಸರಿಗೇ ಬರುತ್ತದೆ.

ನಮಗೆ ಬಂದ ಬಿಲ್ಲಿನಲ್ಲಿ ಮೂರು ಬಾಬತ್ತುಗಳಿದ್ದವು: ರಿಮ್ ಮತ್ತು ಬಂಪರಿನ ಹಾನಿ, ದುರಸ್ತಿಯ ದಿನಗಳಲ್ಲಿ ಕಾರು ಬಾಡಿಗೆಗೆ ಹೋಗದ ನಷ್ಟ, ಮತ್ತು ಕಡತ ನಿರ್ವಹಣೆಯ ಶುಲ್ಕ. ಪುರಾವೆ ಕೇಳಿದಾಗ ಅವರು ಕಳುಹಿಸಿದ ಚಿತ್ರಗಳಲ್ಲಿ ದಿನಾಂಕವಿರಲಿಲ್ಲ, ನಂಬರ್ ಪ್ಲೇಟೂ ಕಾಣುತ್ತಿರಲಿಲ್ಲ. ರಿಮ್ಮಿನ ಗೀರು ನಾವು ಪೆನ್ನಿನಿಂದ ಬರೆಸಿಕೊಂಡ ಅದೇ ಗೀರಾಗಿತ್ತು. ದುರಸ್ತಿ ಮಾಡಿದ ಗ್ಯಾರೇಜಿನ ಬಿಲ್ಲನ್ನು ಕೇಳಿದರೆ ಉತ್ತರವೇ ಬರಲಿಲ್ಲ.

ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ತಕ್ಷಣ ಬ್ಯಾಂಕಿಗೆ ಲಿಖಿತ ತಕರಾರು ಕೊಡುವುದು. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ. ನಮ್ಮ ಬ್ಯಾಂಕಿನ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ, "ಸರ್, ನೀವು ಕರಾರಿಗೆ ಸಹಿ ಮಾಡೀರಿ, ಹಂಗಾಗಿ ಬರೇ ಸಿಟ್ಟಿನ ಪತ್ರ ಬರದ್ರ ಆಗೂದಿಲ್ರಿ, ಕಾರು ತಗೊಂಡಾಗಿನ ಕಾಗದ ತೋರಸ್ರಿ" ಎಂದು ತಿಳಿಸಿದರು. ಅವರ ಮಾತು ಸರಿಯಾಗಿತ್ತು. ವಿಡಿಯೋ, ಪೆನ್ನಿನ ಗುರುತಿದ್ದ ಕರಾರು ಮತ್ತು ಕಂಪನಿಯ ಮಿಂಚಂಚೆಗಳನ್ನು ಸಲ್ಲಿಸಿದ ಮೇಲೆ ರಿಮ್ಮಿನ ಮೊತ್ತ ಮರಳಿತು. ಬಂಪರಿನ ಮೊತ್ತವನ್ನು ಮಧ್ಯವರ್ತಿಯ ವಿಮೆ ಬಹಳ ತಡವಾಗಿ ಕೊಟ್ಟಿತು. ಬಾಡಿಗೆ ನಷ್ಟ ಮತ್ತು ಕಡತ ಶುಲ್ಕ ಯಾರಿಂದಲೂ ಬರಲಿಲ್ಲ, ಏಕೆಂದರೆ ಆ ವಿಮೆಯಲ್ಲಿ ಅವು ಸೇರಿರಲಿಲ್ಲ. ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಯುರೋಪಿನಲ್ಲಿರುವ ಗ್ರಾಹಕ ಸಹಾಯ ಕೇಂದ್ರಗಳ ಜಾಲವನ್ನು ನಂಬಿ ಸಮಯ ಕಳೆಯಬೇಡಿ, ಅದು ಅಲ್ಲಿಯ ನಿವಾಸಿಗಳಿಗಾಗಿ ಇರುವಂಥದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ಫ್ಲಾರೆನ್ಸ್, ಪೀಸಾ, ಸಿಯೆನಾ, ರೋಮ್ ಮುಂತಾದ ನಗರಗಳ ಹಳೆಯ ಭಾಗಗಳಲ್ಲಿ ಜೆಡ್‌ಟಿಎಲ್ ಎಂಬ ನಿರ್ಬಂಧಿತ ಸಂಚಾರ ವಲಯಗಳಿವೆ. ನಮ್ಮ ಬಿಆರ್‌ಟಿಎಸ್ ಬಸ್ಸಿನ ದಾರಿಗೆ ಕಬ್ಬಿಣದ ಬೇಲಿ ಇರುವುದರಿಂದ ಅದು ಪ್ರತ್ಯೇಕವೆಂದು ಯಾರಿಗೂ ತಿಳಿಯುತ್ತದೆ. ಅಲ್ಲಿ ಬಹಳ ಕಡೆ ಬೇಲಿಯೂ ಇಲ್ಲ, ಪೊಲೀಸರೂ ಇಲ್ಲ, ಕೆಂಪು ಉಂಗುರದ ಬಿಳಿ ಫಲಕ ಮತ್ತು ಕ್ಯಾಮೆರಾ ಮಾತ್ರ ಇರುತ್ತವೆ. ಫ್ಲಾರೆನ್ಸಿನಲ್ಲಿ ನಮ್ಮ ಹೋಟೆಲು ಆ ವಲಯದ ಒಳಗಿತ್ತು, ಮತ್ತು ಅತಿಥಿಗಳ ಕಾರಿನ ನಂಬರನ್ನು ಹೋಟೆಲಿನವರು ನಗರಾಡಳಿತಕ್ಕೆ ತಿಳಿಸಿದರೆ ದಂಡ ಬೀಳುವುದಿಲ್ಲ. ನಮ್ಮ ನಂಬರನ್ನು ತಿಳಿಸುವುದಾಗಿ ಹೋಟೆಲಿನವರು ಒಪ್ಪಿಕೊಂಡಿದ್ದರು, ಆದರೆ ತಿಳಿಸಲಿಲ್ಲ. ಒಳಗೆ ಹೋದ ಪ್ರತಿ ಸಲಕ್ಕೂ ಪ್ರತ್ಯೇಕ ದಂಡ. ಅದಕ್ಕೂ ಮೊದಲು, ನಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆಂದು ಬಾಡಿಗೆ ಕಂಪನಿ ಪ್ರತಿ ನೋಟಿಸಿಗೂ ಬೇರೆ ಶುಲ್ಕ ಕಡಿದುಕೊಂಡಿತು. ಇದು ದಂಡವಲ್ಲ, ಕೇವಲ ವಿಳಾಸ ಕೊಟ್ಟ ಕೂಲಿ; ಇದನ್ನು ಕಟ್ಟಿದರೆ ದಂಡ ತೀರಿತೆಂದು ಯಾರೂ ಭಾವಿಸಬಾರದು.

ಆದ್ದರಿಂದ ನಿಮ್ಮ ಬುಕಿಂಗ್ ಮಾಡುವಾಗಲೇ ಕಚೇರಿ ತೆರೆದಿರುವ ಹೊತ್ತಿಗೆ ಕಾರು ಹಿಂದಿರುಗಿಸುವಂತೆ ವಿಮಾನವನ್ನು ಆರಿಸಿಕೊಳ್ಳಿ. ಬೆಳಗಿನ ಜಾವದ ವಿಮಾನವೇ ಆಗಬೇಕಾದರೆ, ಹಿಂದಿನ ಸಂಜೆಯೇ ಕಾರನ್ನು ಒಪ್ಪಿಸಿ, ಹಾನಿ ಇಲ್ಲವೆಂಬ ಚೀಟಿಯನ್ನು ಸಹಿಯೊಡನೆ ಪಡೆದು, ರಾತ್ರಿಗೆ ನಿಲ್ದಾಣದ ಹತ್ತಿರವೇ ಕೋಣೆ ಹಿಡಿಯಿರಿ. ಒಂದು ರಾತ್ರಿಯ ಕೋಣೆಗೆ ಆಗುವ ಖರ್ಚು ಇಂಥ ಒಂದು ಬಿಲ್ಲಿನ ಮುಂದೆ ಬಹಳ ಚಿಕ್ಕದು. ಊರೊಳಗಿನ ಹೋಟೆಲಾದರೆ ಕಾರಿನ ನಂಬರ್ ನೋಂದಾಯಿಸಿದ್ದಕ್ಕೆ ಲಿಖಿತ ಉತ್ತರ ಕೇಳಿ ಇಟ್ಟುಕೊಳ್ಳಿ. ಕಾರ್ಡು ಉಜ್ಜುವಾಗ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡವೆಂದು ಯುರೋವನ್ನೇ ಆರಿಸಿ, ರೂಪಾಯಿಯ ದರದಲ್ಲಿ ಅವರ ಲಾಭ ಸೇರಿರುತ್ತದೆ.

ಕರಾರು, ಪೆಟ್ರೋಲ್ ಬಂಕಿನ ರಸೀದಿ, ವಿಡಿಯೋ ಮತ್ತು ಹೋಟೆಲಿನ ಪತ್ರಗಳನ್ನು ಊರಿಗೆ ಬಂದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೋಪಾನವಾಗಿಡಿ. ಇಟಲಿಯ ಹೊರಗೆ ವಾಸಿಸುವವರಿಗೆ ಸಂಚಾರ ದಂಡದ ನೋಟಿಸು ತಲುಪಿಸಲು ಅಲ್ಲಿಯ ಕಾನೂನು 360 ದಿನಗಳ ಅವಧಿ ಕೊಟ್ಟಿದೆ. ನೋಟಿಸು ಕೈಸೇರಿದ ಐದು ದಿನಗಳೊಳಗೆ ಕಟ್ಟಿದರೆ ಸಾಮಾನ್ಯವಾಗಿ ಶೇಕಡಾ 30ರಷ್ಟು ರಿಯಾಯಿತಿ ಇರುವುದರಿಂದ, ರಿಜಿಸ್ಟರ್ಡ್ ಅಂಚೆ ಬಂದಾಗ ಮನೆಯಲ್ಲಿರುವ ಹಿರಿಯರು ಅದನ್ನು ಬದಿಗಿಡದೆ ಅಂದೇ ನಿಮಗೆ ತಿಳಿಸುವಂತೆ ಹೇಳಿಟ್ಟಿರಿ.