‘ಮೌಸಮ್’ ಆ್ಯಪ್: ಚಂಡಮಾರುತ ಬರುವಾಗ ಎಷ್ಟು ನೆಚ್ಚಿಕೊಳ್ಳಬಹುದು?

ಭಾರತೀಯ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ 2020ರ ಜುಲೈನಿಂದ ಉಚಿತವಾಗಿ ದೊರೆಯುತ್ತಿದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ಅದು ಚಂಡಮಾರುತವಾಗುವ ಲಕ್ಷಣ ಕಂಡಾಗಲೇ ಇದರ ನಿಜವಾದ ಪರೀಕ್ಷೆ.

ಹೆಚ್ಚಿನವರು ಇದರಲ್ಲಿ ನೋಡುವುದು ಮುಂದಿನ ಐದು ದಿನಗಳ ಜಿಲ್ಲಾವಾರು ಎಚ್ಚರಿಕೆಯನ್ನು, ಅಂದರೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು. (ಕೆಂಪು ಎಂದರೆ ಶಾಲೆಗೆ ರಜೆ ಎಂದಷ್ಟೇ ತಿಳಿಯುವ ರೂಢಿ ನಮ್ಮಲ್ಲಿದೆ.) ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಇವೆಲ್ಲ ಇಡೀ ದಿನದ ಮೊತ್ತಗಳು. ದಿಢೀರ್ ಪ್ರವಾಹಕ್ಕೆ ಅಷ್ಟು ಹೊತ್ತು ಬೇಕಿಲ್ಲ. 120 ಮಿ.ಮೀ. ಮಳೆ ಹಗಲೂ ರಾತ್ರಿ ಜಿನುಗಿದರೆ ಕೆರೆಗಳಿಗೆ ಒಳ್ಳೆಯದೇ; ಅದೇ ಮಳೆ ಎರಡು ತಾಸಿನಲ್ಲಿ ಸುರಿದರೆ ರಾಜಕಾಲುವೆ ಉಕ್ಕಿ ನೆಲಮಹಡಿಯ ಮನೆಗಳಿಗೆ ನುಗ್ಗುತ್ತದೆ. ಜಿಲ್ಲೆಗೆ ಬಳಿದ ಬಣ್ಣ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ತೋರಿಸುವುದು, ಮಳೆಮೋಡಗಳು ಈಗ ಎಲ್ಲಿವೆ ಎಂಬುದನ್ನು ಚಿತ್ರಿಸುವ ರೇಡಾರ್ ಪುಟ. ಸುಮಾರು 10 ನಿಮಿಷಕ್ಕೊಮ್ಮೆ ಹೊಸದಾಗುವ ಆ ಚಿತ್ರವೇ, ನನ್ನ ಮಟ್ಟಿಗೆ, ಈ ಆ್ಯಪ್ ಇಟ್ಟುಕೊಳ್ಳಲು ಮುಖ್ಯ ಕಾರಣ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ತೀರ ದಾಟಿದ ‘ಫೆಂಗಲ್’ ಗಾಳಿಯ ಲೆಕ್ಕದಲ್ಲಿ ಅಂಥ ಉಗ್ರ ಚಂಡಮಾರುತವೇನಲ್ಲ. ಆದರೆ ತೀರ ದಾಟಿದ ಮೇಲೆ ಮುಂದೆ ಸಾಗದೆ ಹಲವು ಗಂಟೆ ಅಲ್ಲಿಯೇ ನಿಂತದ್ದರಿಂದ ಪುದುಚೇರಿಯಲ್ಲಿ ಒಂದೇ ದಿನ 46 ಸೆಂ.ಮೀ.ಗೂ ಹೆಚ್ಚು ಮಳೆ ಬಿತ್ತು. ಇಂಥ ಹೊತ್ತಿನಲ್ಲಿ ಅರ್ಧ ಗಂಟೆ ಬಿಟ್ಟು ಎರಡು ಸಲ ರೇಡಾರ್ ನೋಡಿದಾಗ, ಜೋರು ಮಳೆಯನ್ನು ಸೂಚಿಸುವ ಕೆಂಪು ಪಟ್ಟೆ ನಮ್ಮ ಊರಿನ ಮೇಲಿಂದ ಕದಲದಿದ್ದರೆ ತಗ್ಗಿನಲ್ಲಿರುವವರು ಮತ್ತೊಂದು ಸೂಚನೆಗೆ ಕಾಯಬಾರದು. ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆಯೂ ಇದರ ಜೊತೆಗಿದೆ. ರೇಡಾರ್ ಕೇಂದ್ರದಿಂದ ದೂರ ಹೋದಂತೆ ಅದರ ಕಿರಣ ಮೇಲೇರಿ ಕೆಳಮಟ್ಟದ ಮೋಡಗಳು ತಪ್ಪಿಹೋಗುವುದರಿಂದ, ಚಿತ್ರ ಖಾಲಿ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ.

ಬಿದ್ದ ಮಳೆಯ ಲೆಕ್ಕ ಬೇಕಾದಾಗ ಕರ್ನಾಟಕದವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ ಹೆಚ್ಚು ಹತ್ತಿರದ್ದು. ಅಲ್ಲಿ ಹೋಬಳಿ ಮಟ್ಟದ ಮಾಹಿತಿಯನ್ನು ಕನ್ನಡದಲ್ಲಿಯೇ ಕೇಳಬಹುದು.

‘ಮೌಸಮ್’ನ ದೊಡ್ಡ ಕೊರತೆ ನದಿಗೆ ಸಂಬಂಧಿಸಿದ್ದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯೇ ತಮಿಳುನಾಡಿನ ತೆನ್‌ಪೆಣ್ಣೈ. ‘ಫೆಂಗಲ್’ ಒಳನಾಡಿಗೆ ಸರಿದು ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದು ದಿನಕ್ಕೆ 50 ಸೆಂ.ಮೀ.ಯಷ್ಟು ಮಳೆ ಸುರಿಸಿತು; ಇದೇ ನದಿಯ ಸಾತನೂರು ಅಣೆಕಟ್ಟಿನಿಂದ ರಾತ್ರೋರಾತ್ರಿ ಬಿಟ್ಟ ನೀರು ವಿಲ್ಲುಪುರಂ, ಕಡಲೂರು ಜಿಲ್ಲೆಗಳ ನದೀತೀರದ ಊರುಗಳಿಗೆ ನುಗ್ಗಿತು. ಮಳೆಯ ಆ್ಯಪ್‌ನಲ್ಲಿ ಅಣೆಕಟ್ಟಿನ ಹೊರಹರಿವನ್ನು ಹುಡುಕುವುದು ವ್ಯರ್ಥ. ನದಿ, ಜಲಾಶಯಗಳ ಸ್ಥಿತಿ ತಿಳಿಯಲು ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್ ಇದೆ; 2024ರ ಆಗಸ್ಟ್‌ನ ಆವೃತ್ತಿಯಲ್ಲಿ 592 ಪ್ರವಾಹ ನಿಗಾ ಕೇಂದ್ರಗಳ ಜೊತೆಗೆ 150 ಪ್ರಮುಖ ಜಲಾಶಯಗಳ ನೀರಿನ ಸಂಗ್ರಹವೂ ಸೇರಿದೆ. ಅಣೆಕಟ್ಟಿನ ಕೆಳಗೆ ಮನೆ, ಹೊಲ ಇರುವವರು ಎರಡನ್ನೂ ಹಾಕಿಕೊಳ್ಳಬೇಕು. ಉಳಿದವರಿಗೆ ‘ಮೌಸಮ್’ ಒಂದೇ ಸಾಕು, ಬಣ್ಣ ನೋಡಿ ಮುಚ್ಚದೆ ರೇಡಾರ್ ಪುಟದವರೆಗೆ ಹೋಗುವುದಾದರೆ.