ಆರು ವರ್ಷ ಕೇಳಿದ ಮೇಲೆ: ನಾನೇ ಮಾಡಿದ ಟ್ರಾನ್ಸ್‌ಮಿಷನ್ ಲೈನ್ ಸ್ಪೀಕರ್

ಈ ಜೋಡಿ ಸ್ಪೀಕರ್ ಕೊಂಡಿದ್ದಲ್ಲ. ಹಲಗೆ ಕೊಯ್ದು, ಅಂಟು ಹಚ್ಚಿ ನಾನೇ ಮಾಡಿಕೊಂಡಿದ್ದು. ಹಾಗಾಗಿ ಬೈಯೋಣ ಅಂದರೆ ಬೇರೆ ಯಾರೂ ಸಿಗುವುದಿಲ್ಲ. ಆರು ವರ್ಷದಿಂದ ದಿನಾ ಹಾಡುತ್ತಿವೆ. ಮೊದಲ ವಾರವೇ ಈ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಮೂರನೇ ವರ್ಷ ಬರೆದಿದ್ದರೆ ಬರೀ ಗೊಣಗಾಟ.

ಗೊತ್ತಿಲ್ಲದವರಿಗೆ ಎರಡು ಮಾತು. ವೂಫರ್, ಅಂದರೆ ಬಾಸ್ ನುಡಿಸುವ ದೊಡ್ಡ ಕೋನ್, ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಮುಚ್ಚಿದ ಪೆಟ್ಟಿಗೆ ಆ ಹಿಂದಿನ ಸದ್ದನ್ನು ಒಳಗೇ ಕೂಡಿಹಾಕುತ್ತದೆ. ಟ್ರಾನ್ಸ್‌ಮಿಷನ್ ಲೈನ್‌ನಲ್ಲಿ ಅದಕ್ಕೆ ಉದ್ದದ ಒಂದು ದಾರಿ ಇರುತ್ತದೆ, ಪೆಟ್ಟಿಗೆಯೊಳಗೆ ಮಡಚಿಟ್ಟ ಸುರಂಗದ ಹಾಗೆ. ದಾರಿಯಲ್ಲಿ ತುಂಬಿದ ನಾರು ಮೇಲಿನ ಸ್ವರಗಳನ್ನು ನುಂಗುತ್ತದೆ. ತಳದ ಬಾಸ್ ಮಾತ್ರ ಕೊನೆಯ ಬಾಯಿಂದ ಹೊರಬಂದು ಮುಂದಿನ ಸದ್ದಿನ ಜೊತೆ ಸೇರುತ್ತದೆ. ವಿಷಯ ಹೊಸದೇನಲ್ಲ. 1965ರಲ್ಲಿ ಎ. ಆರ್. ಬೇಲಿ ಅನ್ನುವವರು ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಉದ್ದ ಎಳೆಯ ಉಣ್ಣೆ ತುಂಬಿದ ಪೆಟ್ಟಿಗೆಯ ಬಗ್ಗೆ ಬರೆದರು. ಮನೆಯಲ್ಲಿ ಮಾಡುವವರಿಗೆ ಈ ಹುಚ್ಚು ಹಿಡಿದದ್ದು ಹೆಚ್ಚುಕಮ್ಮಿ ಅಲ್ಲಿಂದ.

ನನ್ನದು ಆರೂವರೆ ಇಂಚಿನ ವೂಫರ್. ದಾರಿಯ ಉದ್ದ 2.2 ಮೀಟರ್. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಅದನ್ನು ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ 39 ಹರ್ಟ್ಜ್ ಬರುತ್ತದೆ, ಅಂಥ ದಾರಿ ಗುಂಯ್ ಅನ್ನುವ ಅತಿ ಕೆಳಗಿನ ಸ್ವರ ಅದು. ದಾರಿಯನ್ನು ಬಾಯಿಯ ಕಡೆಗೆ ಕಿರಿದು ಮಾಡುತ್ತಾ ಹೋದರೆ ಅದೇ ಉದ್ದಕ್ಕೆ ಇನ್ನೂ ಕೆಳಗಿನ ಸ್ವರ ಸಿಗುತ್ತದೆ. ನಾನು ಮುಚ್ಚಿದ ತುದಿಯಲ್ಲಿ 252 ಚದರ ಸೆಂಟಿಮೀಟರ್ ಇಟ್ಟು, ಬಾಯಿಯಲ್ಲಿ ಸರಿಯಾಗಿ ಅರ್ಧಕ್ಕೆ ಇಳಿಸಿದೆ. ಹಾರ್ನ್‌ರೆಸ್ಪ್ ಅನ್ನುವ ಉಚಿತ ತಂತ್ರಾಂಶ 34ರ ಹತ್ತಿರ ತೋರಿಸಿತು. ಮಾಡಿ ಮುಗಿಸಿ ಅಳೆದಾಗಲೂ ಅಲ್ಲೇ ಬಂತು. ಆ ದಿನ ಊಟ ಮರೆತಿದ್ದೆ.

ಪೆಟ್ಟಿಗೆಯೊಳಗೆ ಎತ್ತರ 110 ಸೆಂಟಿಮೀಟರ್. ನಡುವೆ ಓರೆಯಾಗಿ ಒಂದು ಹಲಗೆ. ಸದ್ದು ಮುಂದಿನ ಓಣಿಯಲ್ಲಿ ಮೇಲೆ ಹತ್ತಿ, ಹಿಂದಿನ ಓಣಿಯಲ್ಲಿ ಕೆಳಗಿಳಿದು, ನೆಲದ ಹತ್ತಿರ ಹಿಂಬದಿಯಿಂದ ಹೊರಬರುತ್ತದೆ. ವೂಫರ್ ಕೂತಿರುವುದು ಮುಚ್ಚಿದ ತುದಿಯಿಂದ ಮೂರನೇ ಒಂದು ಭಾಗ ದೂರದಲ್ಲಿ. ಅದು ಸುಮ್ನೆ ಆರಿಸಿದ ಜಾಗ ಅಲ್ಲ. ಇಂಥ ಕೊಳವೆ 34ಕ್ಕೆ ಮಾತ್ರ ಗುಂಯ್ ಅನ್ನುವುದಿಲ್ಲ. ಮುಂದೆ 115ರ ಹತ್ತಿರ ಒಮ್ಮೆ, 190 ದಾಟಿ ಇನ್ನೊಮ್ಮೆ ಅನ್ನುತ್ತದೆ. ವೂಫರನ್ನು ಆ ಮೂರನೇ ಒಂದರಲ್ಲಿ ಇಟ್ಟರೆ 115ರದ್ದು ಬಹುತೇಕ ಏಳುವುದೇ ಇಲ್ಲ. ಆದರೆ 190ರದ್ದು ಹಾಗೇ ಉಳಿಯುತ್ತದೆ. ಗಂಡು ದನಿಯ ವಾರ್ತೆ ಹಾಕಿದರೆ ಓದುವವರು ಬಿಂದಿಗೆಯೊಳಗೆ ತಲೆ ಇಟ್ಟು ಓದಿದ ಹಾಗೆ ಕೇಳಿಸುತ್ತದೆ. ಅದನ್ನು ಅಡಗಿಸುವ ಕೆಲಸ ನಾರಿನದು.

ಪೆಟ್ಟಿಗೆ ಮೂರು ವಾರದಲ್ಲಿ ಮುಗಿಯಿತು. ನಾರು ಮೂರು ವರ್ಷ ತಿಂದಿತು.

ಮೊದಲು ಒಂದೊಂದು ಪೆಟ್ಟಿಗೆಗೂ ಅರ್ಧ ಕಿಲೋ ಪಾಲಿಯೆಸ್ಟರ್ ತುರುಕಿದೆ, ದಿಂಬಿಗೆ ತುಂಬುವಂಥದ್ದು. ಬಿಂದಿಗೆ ದನಿ ಹೋಯಿತು, ಜೊತೆಗೆ ಬಾಸೂ ಹೋಯಿತು. ಅಷ್ಟು ತುಂಬಿದ ಮೇಲೆ ಅದು ಮುಚ್ಚಿದ ಪೆಟ್ಟಿಗೆಯ ಹಾಗೆಯೇ ನಡೆದುಕೊಳ್ಳುತ್ತದೆ, ಸುರಂಗ ಕೊರೆದದ್ದು ದಂಡ. ಆಮೇಲೆ ತೆಗೆಯುತ್ತಾ ಬಂದೆ. ಕೊನೆಗೆ ನಿಂತದ್ದು ಕಾಲು ಕಿಲೋದಲ್ಲಿ, ಅದೂ ದಾರಿಯ ಮೊದಲ ಮೂರನೇ ಎರಡು ಭಾಗದಲ್ಲಿ ಮಾತ್ರ. ಲೀಟರಿಗೆ ಸುಮಾರು 8 ಗ್ರಾಂ. ಬಾಯಿಯ ಕಡೆ ಪೂರ್ತಿ ಖಾಲಿ. ಎರಡು ವರ್ಷ ತುಂಬಾ ಚೆನ್ನಾಗಿ ಹಾಡಿದವು.

ಮೂರನೇ ವರ್ಷ ಏನೋ ಎಡವಟ್ಟಾಯಿತು. ದನಿಗಳು ಮತ್ತೆ ಬಿಂದಿಗೆ ಸೇರಿದವು. ತಬಲಾದ ಡಗ್ಗಾ ಮೇಲೆ ಅಂಗೈ ಒತ್ತಿ ಜಾರಿಸುತ್ತಾರಲ್ಲ, ಆ ಸ್ವರ ಏರುವಾಗ ಒಂದು ಕಡೆ ತಟಕ್ಕನೆ ಜೋರಾಗುತ್ತಿತ್ತು. ಬಾಸ್ ಮಾತ್ರ ಸೊರಗಿತ್ತು. ನಾನು ಆಂಪ್ಲಿಫೈಯರ್ ಮೇಲೆ ಅನುಮಾನಪಟ್ಟೆ. ಬಾಸನ್ನೂ ಮೇಲಿನ ಸ್ವರಗಳನ್ನೂ ಬೇರ್ಪಡಿಸುವ ಕ್ರಾಸ್‌ಓವರ್‌ನ ಕೆಪಾಸಿಟರ್ ಬದಲಿಸಿದೆ. ಕಿವಿ ಡಾಕ್ಟರಿಗೆ ತೋರಿಸಿ ಅಂತ ಮನೆಯಲ್ಲಿ ಸಲಹೆಯೂ ಬಂತು. ಕಡೆಗೆ ಪಕ್ಕದ ಹಲಗೆ ಬಿಚ್ಚಿದೆ. ಹಿಂದಿನ ಓಣಿಯ ತುದಿಯಲ್ಲಿದ್ದ ನಾರು ಜಾರಿ ಕೆಳಗಿನ ಬಾಯಿಗೆ ಬಂದು ಕೂತಿತ್ತು. ಆ ತುಂಡು ಮೊದಲಿದ್ದ ಜಾಗ ದಾರಿಯ ಐದನೇ ಮೂರು ಭಾಗದ ಹತ್ತಿರ. 190ರ ಅನುರಣನಕ್ಕೆ ಗಾಳಿ ಜೋರಾಗಿ ಓಡಾಡುವ ಜಾಗಗಳಲ್ಲಿ ಅದೂ ಒಂದು, ನಾರು ಅದನ್ನು ಹಿಡಿಯುವುದೂ ಅಂಥ ಕಡೆಯೇ. ಈಗ ಅದು ಕೂತಿದ್ದ ಬಾಯಿಯಲ್ಲಿ ಬಾಸ್‌ನ ಗಾಳಿ ಜೋರು. ಹೀಗೆ ಬೇಕಾದ ಕಡೆ ನಾರು ಇಲ್ಲ, ಬೇಡದ ಕಡೆ ಇದೆ. ಎರಡು ಕಾಯಿಲೆಗೂ ಒಂದೇ ಕಾರಣ!

ಒಳಗೆ ಅಡ್ಡಡ್ಡಲಾಗಿ ನೈಲಾನ್ ದಾರ ಬಿಗಿದು, ನಾರನ್ನು ಸೊಳ್ಳೆ ಪರದೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ನೇತುಹಾಕಿದೆ. ಅದಾದ ಮೇಲೆ ಜಗ್ಗಿಲ್ಲ. ಉಣ್ಣೆ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ, ಅದು ಇನ್ನೂ ಬೇಗ ಕುಸಿಯುತ್ತದೆ. ನುಸಿ ಹಿಡಿಯದ ಹಾಗೆ ಬೇರೆ ನೋಡಿಕೊಳ್ಳಬೇಕು.

ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಜಾಣತನ ಅಂದರೆ ಪಕ್ಕದ ಒಂದು ಹಲಗೆಗೆ ಅಂಟು ಹಾಕದೆ ಸ್ಕ್ರೂ ಮಾತ್ರ ಹಾಕಿದ್ದು. ಅಂಚಿಗೆ ಮೆತ್ತನೆ ಫೋಮ್ ಪಟ್ಟಿ, 18 ಸ್ಕ್ರೂ. ನೋಡಲು ಅಷ್ಟು ಚಂದ ಇಲ್ಲ. ನೀವು ಇನ್ನೇನು ಬೇಕಾದರೂ ಬದಲಿಸಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ. ಓರೆ ಹಲಗೆಯ ಅಂಚಿನಲ್ಲಿ ಗಾಳಿ ಸೋರಿದ್ದನ್ನು ಸರಿಮಾಡಿದ್ದೂ ಇದರಿಂದಲೇ. ಎಡ ಮತ್ತು ಬಲದ ಇಂಪೀಡೆನ್ಸ್ (ಒಂದೊಂದು ಸ್ವರಕ್ಕೂ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಗೆರೆ ಒಂದೇ ಥರ ಇರಲಿಲ್ಲ. ಹುಡುಕಿದರೆ ಬಲಗಡೆ ಎರಡು ಓಣಿಗಳ ನಡುವೆ ಬೆರಳುಗುರು ತೂರುವಷ್ಟು ಸಂದು. ಮಗಳ ಟೇಬಲ್ ಟೆನಿಸ್ ಚೆಂಡು ಸಿಕ್ಕಿದ್ದೂ ಒಳಗೇ. ಆರ್ಗನ್ ಸಂಗೀತ ಬಂದಾಗಲೆಲ್ಲ ಕಟಕಟ ಅನ್ನುತ್ತಿತ್ತು.

ಇನ್ನು ಸದ್ದಿನ ವಿಷಯ. ಡಬಲ್ ಬಾಸ್‌ನ ಒಂದೊಂದು ತಂತಿ ಬಿಡಿಬಿಡಿಯಾಗಿ ಕೇಳುತ್ತದೆ. ಡ್ರಮ್ ಏಟು ಬಂದು ಹೋಗುತ್ತದೆ, ಕೋಣೆಯಲ್ಲಿ ಉಳಿದು ಗುಡುಗುವುದಿಲ್ಲ. ಕಡಿಮೆ ವಾಲ್ಯೂಮ್‌ನಲ್ಲೂ ಬಾಸ್ ಮಾಯವಾಗುವುದಿಲ್ಲ. ಕುಣಿತದ ಸಂಗೀತಕ್ಕೆ ಎದೆಗೆ ಗುದ್ದುವ ಬಾಸ್ ಬೇಕು ಅನ್ನುವವರಿಗೆ ಮಾತ್ರ ಇದು ಸಪ್ಪೆ. ಬಾಯಿ ಹಿಂದೆ ಇರುವುದರಿಂದ ಗೋಡೆಯಿಂದ ಒಂದು ಅಡಿಯಾದರೂ ದೂರ ಬೇಕು, ಮೂಲೆಗೆ ತಳ್ಳಿದರೆ ಕೆಡುತ್ತದೆ. 34ರ ಕೆಳಗೆ ವೂಫರ್‌ಗೆ ಹಿಡಿತ ತಪ್ಪುತ್ತದೆ. ಸೊಟ್ಟಗಿನ ಎಲ್‌ಪಿ ಹಾಕಿದಾಗ ಕೋನ್ ಹುಚ್ಚೆದ್ದು ಒದ್ದಾಡುವುದನ್ನು ನೋಡಿ ಎಲ್‌ಪಿ ಪ್ಲೇಯರ್‌ನಿಂದ ಬರುವ ಸಿಗ್ನಲ್‌ಗೆ, ಕಿವಿಗೆ ಕೇಳದಷ್ಟು ಕೆಳಗಿನ ಸ್ವರ ತಡೆಯುವ ಒಂದು ಸಬ್‌ಸಾನಿಕ್ ಫಿಲ್ಟರ್ ಸೇರಿಸಿದೆ.

ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. ಇದೇ ವೂಫರನ್ನು ಮೊದಲು ಇದರ ಅರ್ಧ ಗಾತ್ರದ, ಪೋರ್ಟ್ (ಗಾಳಿ ಆಡುವ ಗಿಡ್ಡ ಕೊಳವೆ) ಇರುವ ಪೆಟ್ಟಿಗೆಯಲ್ಲಿ ಕೇಳಿದ್ದೆ. ಬಾಸ್ ಹೆಚ್ಚುಕಮ್ಮಿ ಇಷ್ಟೇ ಆಳಕ್ಕೆ ಇಳಿಯುತ್ತಿತ್ತು. ಅದರ ಕೆಲಸ ಒಂದು ವಾರದ್ದು, ನಾರಿನ ಗೋಳೂ ಇರಲಿಲ್ಲ. ಬರೀ ಆಳಕ್ಕಾಗಿ ಟ್ರಾನ್ಸ್‌ಮಿಷನ್ ಲೈನ್ ಮಾಡುವುದಾದರೆ ಬೇಡ. ವ್ಯತ್ಯಾಸ ಇರುವುದು ಬಾಸ್ ನಿಲ್ಲುವ ರೀತಿಯಲ್ಲಿ, ಪೋರ್ಟ್‌ನ ಉಸ್ ಅನ್ನುವ ಉಸಿರು ಇಲ್ಲದಿರುವುದರಲ್ಲಿ. ನನಗೆ ಅದು ಸಾಕು. ನಿಮಗೆ ಸಾಕಾ ಅನ್ನುವುದು ಪೆಟ್ಟಿಗೆ ಮಾಡುವ ಮುಂಚೆ ಎಲ್ಲಾದರೂ ಒಂದು ಜೋಡಿ ಕೇಳಿ ತಿಳಿದುಕೊಳ್ಳಬೇಕಾದ ವಿಷಯ.

ಪಕ್ಕದ ಹಲಗೆಗೆ ಮಾತ್ರ ಇನ್ನೂ ಪಾಲಿಶ್ ಹಾಕಿಲ್ಲ. ಮುಂದಿನ ತಿಂಗಳು ಮತ್ತೆ ಬಿಚ್ಚುವುದಿದೆ, ಬಲಗಡೆಯದಕ್ಕೆ ಹತ್ತಿಪ್ಪತ್ತು ಗ್ರಾಂ ಜಾಸ್ತಿಯಾಗಿದೆ ಅನ್ನಿಸುತ್ತಿದೆ.