ಹುಲ್ಲು ಕತ್ತರಿಸುವ ಯಂತ್ರಕ್ಕೊಂದು ಟ್ಯಾಕೋಮೀಟರ್: ಒಂದು ಮಳೆಗಾಲದ ಬಳಕೆಯ ನಂತರ

ಶಿರಸಿಯ ಮಳೆಗಾಲದಲ್ಲಿ ಅಂಗಳದಾಚೆಯ ಹುಲ್ಲನ್ನು ಹತ್ತು ದಿನ ಮುಟ್ಟದೆ ಬಿಟ್ಟರೆ ತಳ್ಳುವ ಯಂತ್ರ ಒಳಹೊಗದಷ್ಟು ಬೆಳೆದುಬಿಡುತ್ತದೆ. ನನ್ನದು ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನಿನ, 53 ಸೆಂಟಿಮೀಟರ್ ಬ್ಲೇಡಿನ ಯಂತ್ರ. ಕಳೆದ ಮಳೆಗಾಲದ ಆರಂಭದಲ್ಲಿ ಅದು ಹಸಿ ಹುಲ್ಲನ್ನು ಮುದ್ದೆಮುದ್ದೆಯಾಗಿ ಉಗುಳತೊಡಗಿದಾಗ ರಿಪೇರಿಯವರೊಬ್ಬರು ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗನ್ನು ಬಿಗಿ ಮಾಡಿ, ‘ಈಗ ಪವರ್ ಬಂತು’ ಎಂದು ಕೊಟ್ಟರು. ಸದ್ದು ಏರಿತ್ತು, ಹಿಡಿಕೆ ಕೈಯಲ್ಲಿ ಜುಮ್ಮೆನ್ನುತ್ತಿತ್ತು, ನಾನೂ ನಂಬಿದೆ. ಆಮೇಲೆ ಕಿವಿಯ ಅಂದಾಜನ್ನು ಅಳೆದು ನೋಡಬೇಕೆನ್ನಿಸಿ, ಸಾವಿರ ರೂಪಾಯಿಯೊಳಗೆ ಆನ್‌ಲೈನಿನಲ್ಲಿ ತರಿಸಿದ, ಎಂಜಿನ್ ತಿರುಗುವ ವೇಗ ಅಳೆಯುವ ಪುಟ್ಟ ಟ್ಯಾಕೋಮೀಟರಿನ ಕುರಿತು ಈ ಬರಹ.

ಜೋಡಣೆ ಸುಲಭ. ಉಪಕರಣದ ತಂತಿಯನ್ನು ಸ್ಪಾರ್ಕ್ ಪ್ಲಗ್ಗಿನ ದಪ್ಪ ವೈರಿಗೆ ನಾಲ್ಕೈದು ಸುತ್ತು ಸುತ್ತಿ ಬಿಗಿದರಾಯಿತು. ಕಿಡಿಗಳನ್ನು ಎಣಿಸಿ ಅದು ನಿಮಿಷಕ್ಕೆಷ್ಟು ಸುತ್ತು ಎಂದು ತೋರಿಸುತ್ತದೆ. ಮೊದಲ ದಿನ ಪರದೆಯಲ್ಲಿ 7,200 ಎಂದು ಕಂಡಾಗ ಎದೆ ಧಸಕ್ಕೆಂದಿತು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಇಂಧನ ಉರಿಸುವುದು ನಿಜವಾದರೂ, ಇಂಥ ಸಣ್ಣ ಎಂಜಿನ್ನುಗಳಲ್ಲಿ ಕಿಡಿ ಹುಟ್ಟಿಸುವ ಅಯಸ್ಕಾಂತ ಎಂಜಿನ್ನಿನೊಡನೆ ತಿರುಗುವ ಫ್ಲೈವ್ಹೀಲ್ ಎಂಬ ಚಕ್ರದಲ್ಲೇ ಕೂತಿರುವುದರಿಂದ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಎರಡರಲ್ಲಿ ಒಂದು ವ್ಯರ್ಥವಾಗಿ. ಉಪಕರಣವೋ ಎರಡು ಸುತ್ತಿಗೊಂದು ಕಿಡಿ ಎಂಬ ಲೆಕ್ಕದಲ್ಲಿ ಬಂದಿತ್ತು. ಆ ಲೆಕ್ಕವನ್ನು ಸುತ್ತಿಗೊಂದು ಕಿಡಿ ಎಂದು ಬದಲಿಸಿದೊಡನೆ ಅಂಕಿ 3,600ಕ್ಕೆ ಇಳಿಯಿತು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಈ ಕುರಿತು ಒಂದು ಸಾಲೂ ಇಲ್ಲದಿರುವುದೇ ನನ್ನ ಮುಖ್ಯ ತಕರಾರು.

3,600 ಕೂಡ ಹೆಚ್ಚೇ. ನನ್ನ ಯಂತ್ರದ ಕೈಪಿಡಿ ಹೇಳುವುದು 3,000ದ ಆಸುಪಾಸು. ಆ ವೇಗದಲ್ಲೇ ಬ್ಲೇಡಿನ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ಓಡುತ್ತದೆ. 3,600ರಲ್ಲಿ ಅದು 360ಕ್ಕೆ ಏರಿ, ಅಮೆರಿಕದ ಸುರಕ್ಷತಾ ಮಾನದಂಡವು ತುದಿಯ ವೇಗಕ್ಕೆ ಇಟ್ಟಿರುವ ನಿಮಿಷಕ್ಕೆ 19,000 ಅಡಿಯ ಮಿತಿಯನ್ನು ದಾಟುತ್ತದೆ. ಜಂಬಿಟ್ಟಿಗೆಯ ಚೂರುಗಳು ಹುಲ್ಲಿನಡಿ ಅಡಗಿರುವ ನಮ್ಮ ಅಂಗಳಗಳಲ್ಲಿ ಇದು ಸಣ್ಣ ಮಾತಲ್ಲ. ಎಂಜಿನ್ನನ್ನು ಐದು ನಿಮಿಷ ಬಿಸಿಯಾಗಲು ಬಿಟ್ಟು, ಹುಲ್ಲಿನ ಭಾರವಿಲ್ಲದಂತೆ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಸಿಕ್ಕಿಸಿದ ತಗಡಿನ ಕೊಕ್ಕೆಯನ್ನು ಕೂದಲೆಳೆಯಷ್ಟು ಬಾಗಿಸುತ್ತ ಬಂದೆ. ಪ್ರತಿಸಲವೂ ಎಂಜಿನ್ ಆರಿಸಿ, ಪ್ಲಗ್ಗಿನ ವೈರು ಕಿತ್ತಿಟ್ಟ ಮೇಲೆಯೇ ಕೈ ಹಾಕಿದ್ದು. ನಾಲ್ಕನೆಯ ಸಲಕ್ಕೆ 3,000 ಸಿಕ್ಕಿತು. ಪೆಟ್ರೋಲ್ ಉಳಿಸಲೆಂದು ಇನ್ನೂ ಇಳಿಸುವವರಿದ್ದಾರೆ, ಅದೂ ಸಲ್ಲದು: ತಂಪುಗಾಳಿ ಬೀಸುವ ರೆಕ್ಕೆಗಳಿರುವುದು ಫ್ಲೈವ್ಹೀಲಿನಲ್ಲೇ, ಹುಲ್ಲನ್ನು ಎತ್ತಿ ನಿಲ್ಲಿಸುವ ಗಾಳಿ ಹುಟ್ಟುವುದು ಬ್ಲೇಡಿನ ವೇಗದಿಂದಲೇ. ಅಂದಹಾಗೆ, ಹುಲ್ಲು ಮುದ್ದೆಯಾಗುತ್ತಿದ್ದುದಕ್ಕೆ ಕಾರಣ ಮೊಂಡಾದ ಬ್ಲೇಡು ಮತ್ತು ಒಳಮೈಗೆ ಮೆತ್ತಿ ಒಣಗಿದ ಹುಲ್ಲಿನ ಪದರ. ವೇಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ದೋಷಗಳು ಇನ್ನೂ ಇವೆ. ಅಂಕಿ ಬದಲಾಗಲು ಒಂದು ಕ್ಷಣ ಹಿಡಿಯುವುದರಿಂದ, ಎಂಜಿನ್ ಏರಿಳಿಯುತ್ತ ಉಸಿರುಗಟ್ಟುತ್ತಿದ್ದರೆ ಅದನ್ನು ಈಗಲೂ ಕಿವಿಯಲ್ಲೇ ಗುರುತಿಸಬೇಕು. ಬ್ಯಾಟರಿ ಬದಲಿಸುವಂತಿಲ್ಲ. ನೀರು ತಾಗದು ಎಂದು ಬರೆದಿದ್ದರೂ ಆಷಾಢ ಮುಗಿಯುವುದರೊಳಗೆ ಗಾಜಿನ ಒಳಗೆ ಮಂಜು ಕಟ್ಟಿತು. ಹಾಗಿದ್ದೂ ಓಡಿದ ಗಂಟೆಗಳನ್ನು ಅದು ತಾನಾಗಿ ಲೆಕ್ಕವಿಡುವುದು ದೊಡ್ಡ ಉಪಕಾರ. 50 ಗಂಟೆಗೊಮ್ಮೆ ಆಯಿಲ್ ಬದಲಿಸುವುದು ಈಗ ತಪ್ಪುತ್ತಿಲ್ಲ. ಅಡಿಕೆ ತೋಟದ ಎರಡು ಸ್ಟ್ರೋಕಿನ ವೀಡ್ ಕಟರಿಗೂ ಇದೇ ಸೆಟ್ಟಿಂಗಿನಲ್ಲಿ ಹೊಂದುತ್ತದೆ. ಟ್ರಿಗರ್ ಒತ್ತದಿದ್ದರೂ ಬ್ಲೇಡು ತಿರುಗುತ್ತಿದ್ದ ನಮ್ಮದರಲ್ಲಿ ಐಡಲ್ ವೇಗ ಹೆಚ್ಚಿದ್ದುದನ್ನು ಹಿಡಿದುಕೊಟ್ಟಿದ್ದೂ ಇದೇ. ಕೊಳ್ಳುವವರು ಕಿಡಿಯ ಲೆಕ್ಕ ಬದಲಿಸಲು ಬರುವ ಮಾದರಿಯನ್ನೇ ಆರಿಸಿಕೊಳ್ಳಬೇಕು, ಮತ್ತು ಮೊದಲ ಅಂಕಿಯನ್ನು ಕಂಡು ಸ್ಪ್ರಿಂಗಿಗೆ ಕೈ ಹಾಕಬಾರದು.